ಅಡಿವೆವ್ವ ಎದ್ದು ಕೂತದ್ದು

ಮನುಷ್ಯರನ್ನು ಎತ್ತುವುದೂ ದೇವರನ್ನು ಎತ್ತುವುದೂ ಒಂದೇ ಎಂದು ಹಿರಿಯರು ಹೇಳುತ್ತಾರೆ. ಆದರೆ ಪಲ್ಲಕ್ಕಿಯಲ್ಲಿ ಕೂತ ದೇವರು ಭುಜ ನೋಯ್ತದ ಅನ್ನುವುದಿಲ್ಲ. ಮನುಷ್ಯರು ಅನ್ನುತ್ತಾರೆ. ಅಡಿವೆವ್ವನಂತೂ ಅಂದೇ ಅಂದಳು.

ಗದಗಿನ ದವಾಖಾನೆಯಿಂದ ಆಕೆಯನ್ನು ಗಜೇಂದ್ರಗಡದ ಮನೆಗೆ ಕರೆತಂದ ದಿನ ಅದು. ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಬಾಯಿ ತುಸು ಓರೆಯಾಗಿತ್ತು, ಮಾತು ಉಳಿದಿತ್ತು. ಮಗ ಅಂದಪ್ಪ ಹಿಂದಿನಿಂದ ಬಂದು ಎರಡೂ ಕಂಕುಳಿಗೆ ಕೈಹಾಕಿ, "ಒಂದ, ಎರಡ, ಮೂರ" ಎಂದು ಎತ್ತಿ ಮಂಚದ ತಲೆದಿಂಬಿನ ಕಡೆಗೆ ಸರಿಸಿದ.

"ನಾ ಏನ ಜ್ವಾಳದ ಚೀಲೇನೋ?" ಎಂದಳು ಅಡಿವೆವ್ವ. "ಎಣಿಸಿ ಒಗ್ಯಾಕತ್ತಿ. ಭುಜ ಕಿತ್ತ ಬಂತಲ್ಲೋ ನನ್ನಪ್ಪಾ."

ಸೊಸೆ ಉಮಾ ಬಾಗಿಲ ಬಳಿ ನಿಂತಿದ್ದಳು. ಅತ್ತೆಯ ಬೈಗುಳ ಕಿವಿಗೆ ಬಿದ್ದದ್ದೇ ತಡ, ಮನಸ್ಸಿನಲ್ಲೇ ಕಾಲಕಾಲೇಶ್ವರನಿಗೆ ಕೈಮುಗಿದಳು. ಬೈಯುವ ಜೀವ ಬದುಕುವ ಜೀವ. ಮದುವೆಯಾಗಿ ಬಂದ ಹದಿನಾರು ವರ್ಷದಲ್ಲಿ ಆ ಬೈಗುಳ ಅಷ್ಟು ಹಿತವಾಗಿ ಕೇಳಿಸಿದ್ದು ಅಂದೇ ಮೊದಲು.

ಅವರದು ನೇಕಾರರ ಮನೆ. ಒಳಗಿನ ಕೋಣೆಯಲ್ಲಿ ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಂದಪ್ಪ ಸೀರೆ ನೇಯುತ್ತಾನೆ. ಉಮಾ ರಾಟೆಯ ಮುಂದೆ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಾಳೆ. ಅತ್ತೆಯ ಮಂಚವನ್ನು ನಡುಮನೆಯಲ್ಲಿ, ಗೋಡೆಗೆ ತಾಗಿಸಿ ಹಾಕಿದ್ದರು. ಮಗ್ಗದ ಸಪ್ಪಳ ಕೇಳುತ್ತ ಮಲಗಲಿ ಎಂದು ಅಂದಪ್ಪನೇ ಆ ಜಾಗ ಆರಿಸಿದ್ದ. ಆ ಗೋಡೆಯ ಇತಿಹಾಸ ಅವನ ನೆನಪಿಗೆ ಬರಲಿಲ್ಲ. ಉಮಾಳ ನೆನಪಿಗೂ ಬರಲಿಲ್ಲ.

ಬುಧವಾರ ಕೌಸರ ಬಂದಳು. ಹಾಸಿಗೆ ಹಿಡಿದವರ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ ನೋಡುವ ನರ್ಸಬಾಯಿ ಆಕೆ. ಸ್ಕೂಟಿ ಹೊರಗೆ ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದವಳು ನಿಂತು ಮಾತಾಡಲಿಲ್ಲ. ಮಣೆ ಎಳೆದುಕೊಂಡು ಅಡಿವೆವ್ವನ ಮುಖಕ್ಕೆ ಮುಖ ಸರಿಯಾಗುವಂತೆ ಕೂತಳು.

"ಅಮ್ಮಾರ, ನಿಮ್ಮನ್ನ ಮುಟ್ಟಲೇನ್ರಿ?"

ಅಡಿವೆವ್ವ ಆಕೆಯ ಮುಖ ನೋಡಿದಳು. "ಇಷ್ಟ ದಿನದಾಗ ಎಷ್ಟ ಮಂದಿ ಮುಟ್ಟ್ಯಾರ, ಹೊಳ್ಳಿಸ್ಯಾರ, ಮೈಮ್ಯಾಲಿನ ಅರಬಿ ಬಿಚ್ಚ್ಯಾರ. ಕೇಳಿ ಮುಟ್ಟಿದಾಕಿ ನೀ ಒಬ್ಬಾಕಿ ನೋಡ. ಮುಟ್ಟ ತಂಗಿ."

ಅಡಿವೆವ್ವನ ಎದೆಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗವಿತ್ತು. ಮಗ್ಗುಲಿಗೆ ಹೊರಳಿಸಿದಾಗಲೆಲ್ಲ ಅದು ಮೈಯಡಿಗೆ ಸಿಕ್ಕು ಒತ್ತುತ್ತಿತ್ತು. ದವಾಖಾನೆಯಲ್ಲಿ ಯಾರೋ ಅದನ್ನು ತೆಗೆದು ದಿಂಬಿನ ಕೆಳಗೆ ಇಟ್ಟದ್ದಕ್ಕೆ ಆಕೆ ಒಂದು ಹೊತ್ತು ನೀರು ಸಹ ಕುಡಿದಿರಲಿಲ್ಲ. ಕೌಸರ ಅದಕ್ಕೆ ಕೈ ಹಚ್ಚಲಿಲ್ಲ. "ನಿಮ್ಮ ದೇವರನ್ನ ನೀವ ಬಲಗೈಲೆ ಹಿಡ್ಕೋರಿ. ನಿಮ್ಮನ್ನ ನಾವು ಹಿಡ್ಕೋತೀವಿ," ಎಂದಳು. ಅಡಿವೆವ್ವ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕೌಸರ ಆಕೆಯ ಮೊಣಕಾಲು ಮಡಿಸಿ, ಸೊಂಟಕ್ಕೊಂದು ಕೈ, ಭುಜದ ಹಿಂದೆ ಒಂದು ಕೈ ಇಟ್ಟು ತನ್ನತ್ತ ತಂದಳು. ಮೈ ಎಲೆ ಮಗುಚಿದಂತೆ ಹೊರಳಿತು.

"ಕಂಕುಳಾಗ ಕೈ ಹಾಕಿ ಎತ್ತಬ್ಯಾಡ್ರಿ, ಭುಜದ ಕೀಲ ಜಾರತದ," ಎಂದು ಅಂದಪ್ಪನಿಗೆ ಹೇಳಿದಳು. "ಈ ಸತ್ತ ಕೈ ಅಂತೀರಲ್ಲ, ಇದನ್ನ ಹಿಡದ ಎಳೀಲೇಬ್ಯಾಡ್ರಿ. ಸತ್ತಿಲ್ಲ ಅದು, ಮಲಗೇದ. ಹಳೀ ಸೀರಿ ಮಡಚಿ ಸೊಂಟದ ಕೆಳಗ ಹಾಸ್ರಿ. ಇಬ್ಬರೂ ಎರಡೂ ಕಡೆ ಹಿಡದ ಸರಸ್ರಿ. ಮಂಚಕ್ಕ ತಾಗಿ ನಿಂದ್ರಿ, ನಡಾ ಬಗ್ಗಿಸಬ್ಯಾಡ್ರಿ, ಮೊಣಕಾಲ ಬಗ್ಗಸ್ರಿ. ಇಲ್ಲಂದ್ರ ನಾಳೆ ನಿಮ್ಮ ನಡಾ ನೋಡಾಕ ಮತ್ತ ನಾನ ಬರಬೇಕಾಗ್ತದ."

"ಎರಡ ತಾಸಿಗೊಮ್ಮೆ ಹೊಳ್ಳಸ್ರಿ," ಎಂದು ಉಮಾಳಿಗೆ ಹೇಳಿದಳು. "ಮತ್ತ ಮಲಗಿಸಿ ಉಣಸಬ್ಯಾಡ್ರಿ ಅಕ್ಕಾರ. ಅನ್ನ ಶ್ವಾಸದ ನಳಿಗಿ ಇಳದ್ರ ಕಫ ಕಟ್ಟತದ, ಜೀವಕ್ಕ ಬರ್ತದ. ಕುಂಡ್ರಿಸಿನ ಉಣಸ್ರಿ."

ಉಮಾ ಕಲಿತಳು. ಮೊಬೈಲಿನಲ್ಲಿ ಎರಡು ತಾಸಿಗೊಮ್ಮೆ ಗಂಟೆ ಇಟ್ಟುಕೊಂಡಳು. "ಅತ್ತಿ, ಈಗ ಕಾಲ ಮಡಸ್ತೀನ್ರಿ," "ಅತ್ತಿ, ಈಗ ನನ್ನ ಕಡೆ ಬರ್ರಿ," ಎಂದು ಹೇಳಿಯೇ ಮುಟ್ಟುವುದನ್ನು ರೂಢಿ ಮಾಡಿಕೊಂಡಳು. ಕೂರಿಸುವುದೊಂದು ಕಷ್ಟವಾಗಿತ್ತು. ಊಟದ ಹೊತ್ತಿಗೆ ಅಂದಪ್ಪ ಮಗ್ಗದಿಂದ ಎದ್ದು ಬಂದು ತಾಯಿಯ ಪಕ್ಕದಲ್ಲಿ ಆತುಕೊಂಡು ಕೂರುತ್ತಿದ್ದ, ಉಮಾ ಎದುರಿಗೆ ಕೂತು ಚಮಚದಲ್ಲಿ ನುಚ್ಚು ತಿನ್ನಿಸುತ್ತಿದ್ದಳು. ಇಬ್ಬರಿದ್ದರೆ ನಡೆಯುತ್ತಿತ್ತು.

ಶುಕ್ರವಾರ ಅಂದಪ್ಪ ನೂಲು ತರಲು ಇಳಕಲ್ಲಿಗೆ ಹೋದ.

ಮಧ್ಯಾಹ್ನವಾಯಿತು. ಉಮಾ ಒಬ್ಬಳೇ ಅತ್ತೆಯನ್ನು ಮಗ್ಗುಲಾಗಿಸಿ, ಕಾಲು ಇಳಿಬಿಟ್ಟು, ಹೇಗೋ ಎಬ್ಬಿಸಿ ಗೋಡೆಗೆ ಒರಗಿಸಿದಳು. ಎಡಕ್ಕೆ ಎರಡು ದಿಂಬು ಕೊಟ್ಟಳು. ಚಮಚ ತೆಗೆದುಕೊಳ್ಳಲು ತಿರುಗುವಷ್ಟರಲ್ಲಿ ಅತ್ತೆ ದಿಂಬಿನ ಸಮೇತ ಎಡಕ್ಕೆ ವಾಲಿದಳು. ಎತ್ತಿ ಕೂರಿಸಿದಳು, ಮತ್ತೆ ವಾಲಿದಳು. ಮೂರನೆಯ ಸಲ ಅಡಿವೆವ್ವ ಸೋತು ನಕ್ಕುಬಿಟ್ಟಳು. "ನಾ ಏನ ಸಂತ್ಯಾಗಿನ ಕುಂಬಳಕಾಯೇನ? ಎಲ್ಲೆ ಇಟ್ರೂ ಉಳ್ಳಾಕತ್ತೇನಿ. ಬಿಡ ಯವ್ವಾ, ಮಲಗೇ ಉಣ್ತೀನಿ."

ಮಲಗಿ ಉಣ್ಣಿಸಬಾರದು. ಉಮಾಳ ತಲೆಯಲ್ಲಿ ಅದೊಂದೇ ಕೂತಿತ್ತು. ಸುತ್ತ ನೋಡಿದಳು. ಹಗ್ಗದ ಮೇಲೆ ಒಗೆದು ಒಣಹಾಕಿದ ಬಿಳಿ ಧೋತರವಿತ್ತು. ಗೋಡೆಯಲ್ಲಿ, ಕೂತವರ ತಲೆಗಿಂತ ಸ್ವಲ್ಪ ಮೇಲೆ, ಮೊಳ ಅಂತರದಲ್ಲಿ ಎರಡು ಕಟ್ಟಿಗೆ ಗೂಟಗಳಿದ್ದವು. ಧೋತರವನ್ನು ಅಗಲವಾಗಿ ಮಡಿಸಿ, ನೋವಾಗದಂತೆ ಅತ್ತೆಯ ಎದೆಯ ಸುತ್ತ ತಂದು, ಕಂಕುಳ ಕೆಳಗಿನಿಂದ ತೆಗೆದು, ಎರಡೂ ತುದಿ ಎರಡು ಗೂಟಕ್ಕೆ ಕಟ್ಟಿದಳು. ಸೆರಗು ನೇರಮಾಡಿದಳು. ಅತ್ತೆ ಅಲ್ಲಾಡದೆ ನೆಟ್ಟಗೆ ಕೂತಳು. ಎರಡು ಚಮಚ ನುಚ್ಚು ಮಜ್ಜಿಗೆ ಸಲೀಸಾಗಿ ಇಳಿಯಿತು. ಉಮಾಳಿಗೆ ಸೀರೆಯೊಂದನ್ನು ಎಳೆ ಹರಿಯದೆ ನೇಯ್ದು ಇಳಿಸಿದಷ್ಟು ಹಿಗ್ಗು.

ಆಗ ಪಕ್ಕದ ಮನೆಯ ಮಾಯವ್ವ ಬಟ್ಟಲಲ್ಲಿ ಉಪ್ಪಿನಕಾಯಿ ಹಿಡಿದು ಬಂದಳು. ಹೊರಗೆ ಸುಡು ಬಿಸಿಲು, ಒಳಗೆ ಮಬ್ಬು. ಹೊಸ್ತಿಲ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು. ಬಟ್ಟಲು ಕೆಳಗಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತು, ರಾಗ ಎತ್ತಿದಳು:

"ಯಕ್ಕಾ, ಹೋದ್ಯಾ ಯಕ್ಕಾ... ನಿನ್ನೆರೆ ಉಪ್ಪಿನಕಾಯಿ ಬೇಡಿದ್ಯಲ್ಲ ಯಕ್ಕಾ..."

ಇಲ್ಲಿ ಒಂದು ಮಾತು ಹೇಳಬೇಕು. ಈ ಮನೆಯವರಲ್ಲಿ ಸತ್ತವರನ್ನು ಮಲಗಿಸಿಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮೈ ಜಾರದ ಹಾಗೆ ಬಿಳಿ ಬಟ್ಟೆಯಿಂದ ಗೂಟಕ್ಕೆ ಕಟ್ಟುತ್ತಾರೆ. ಬಂಧುಗಳು ಎದುರಿಗೆ ಕೂತು ಭಜನೆ ಮಾಡುತ್ತಾರೆ, ಕೂತಂತೆಯೇ ಒಯ್ದು ಮಣ್ಣಿಗೆ ಕೊಡುತ್ತಾರೆ. ಏಳು ವರ್ಷದ ಹಿಂದೆ ಅಡಿವೆವ್ವನ ಗಂಡನನ್ನು ಕೂರಿಸಿದ್ದು ಇದೇ ಗೋಡೆಗೆ, ಕಟ್ಟಿದ್ದು ಇವೇ ಎರಡು ಗೂಟಗಳಿಗೆ.

ಅಡಿವೆವ್ವನ ಬಾಯಲ್ಲಿ ಇನ್ನೂ ನುಚ್ಚು ಇತ್ತು. ಅದನ್ನು ನುಂಗಿ, "ಮಾಯವ್ವ, ಇನ್ನೂ ಹೋಗಿಲ್ಲ. ಉಣ್ಣಾಕತ್ತೇನಿ," ಎಂದಳು.

ಮಾಯವ್ವನ ರಾಗ ಅರ್ಧಕ್ಕೇ ನಿಂತಿತು. "ಅಯ್ಯ ಶಿವನ, ಕಣ್ಣಿಗೆ ಮಬ್ಬ ಕವದಿತ್ತ ನೋಡಕ್ಕಾ, ಕಟ್ಟಿದ್ದ ಕಂಡ ನಾ..." ಎನ್ನುತ್ತ ಎದ್ದು, ಬಟ್ಟಲನ್ನು ಅಲ್ಲಿಯೇ ಬಿಟ್ಟು ಹೋದಳು.

ಅಡಿವೆವ್ವ ತಲೆ ಬಗ್ಗಿಸಿ ಎದೆಯ ಮೇಲಿನ ಬಿಳಿ ಬಟ್ಟೆ ನೋಡಿದಳು. ಬಲಗೈ ಎತ್ತಿ ತಲೆಯ ಮೇಲೆ ತಡಕಿ ಗೂಟವನ್ನು ಮುಟ್ಟಿದಳು. ಮುಟ್ಟಿದ ಕೈ ನಿಧಾನವಾಗಿ ಕೆಳಗೆ ಇಳಿಯಿತು.

"ಉಮಾ, ಇದ ನಿಮ್ಮ ಮಾವ ಕುಂತ ಗ್ವಾಡಿ ಅಲ್ಲಾ?"

ಉಮಾ ಚಮಚವನ್ನು ಬಟ್ಟಲಿಗೆ ಇಳಿಸಿದಳು. "ಅತ್ತಿ, ನನಗ ಖರೇನ ನೆನಪ ಆಗಲಿಲ್ರಿ. ಉಣಸೂದೊಂದ ತಲಿಯಾಗಿತ್ರಿ."

"ಇರಲಿ. ಕುಂಡ್ರಿಸಿದ್ದಾತು. ಇನ್ನ ಒಯ್ಯೂದೊಂದ ಉಳೀತು."

ಅಷ್ಟು ಹೇಳಿ ಅಡಿವೆವ್ವ ಬಾಯಿ ಮುಚ್ಚಿಕೊಂಡಳು. ಉಮಾ ಧೋತರದ ಒಂದು ತುದಿ ಬಿಚ್ಚಿ ಆಕೆಯನ್ನು ಮಲಗಿಸಿದಳು. ಆಮೇಲೆ ಆ ಬಾಯಿ ಅನ್ನಕ್ಕೆ ತೆರೆಯಲಿಲ್ಲ.

ಸಂಜೆ ಅಂದಪ್ಪ ಬಂದು ವಿಷಯ ಕೇಳಿ, ನೂಲಿನ ಗಂಟನ್ನು ನೆಲಕ್ಕೆ ಹಾಕಿ ಹೆಂಡತಿಯ ಮುಖ ನೋಡಿದ. "ಯಾರರೆ ಮಾಡ್ತಾರೇನ ಇಂಥಾದ್ದ? ನಿನ್ನ ಬುದ್ಧಿ ಎಲ್ಲೆ ಹೋಗಿತ್ತ?" ಅವನು ಗೂಟದಲ್ಲಿ ಇನ್ನೂ ಜೋತಾಡುತ್ತಿದ್ದ ಧೋತರವನ್ನು ಬಿಚ್ಚಿ ಎಲ್ಲಿಯೋ ಒಯ್ದಿಟ್ಟ. ಮರುದಿನ ಕಲ್ಲು ತಂದು ಎರಡೂ ಗೂಟಗಳನ್ನು ಬಡಿದು ಕಿತ್ತ. ಗೋಡೆಯಲ್ಲಿ ಎರಡು ತೂತು ಉಳಿದವು. ಅಡಿವೆವ್ವ ಅವನ್ನೂ ನೋಡಿದಳು.

ನೀರು ಮಾತ್ರ ಒಂದೆರಡು ಗುಟುಕು ಕುಡಿಯುತ್ತಿದ್ದಳು. ಮೊಬೈಲಿನ ಗಂಟೆ ಹೊಡೆದಾಗ ಉಮಾ, "ಅತ್ತಿ, ಹೊಳ್ಳಸ್ತೀನ್ರಿ," ಎಂದರೆ, ಆಕೆ ಬಲಗೈಯಿಂದ ಮಂಚದ ಅಂಚು ಬಿಗಿಯಾಗಿ ಹಿಡಿದುಬಿಡುತ್ತಿದ್ದಳು. "ಬ್ಯಾಡ. ಹಿಂಗ ಇರ್ತೀನಿ." ಹಿಡಿದ ಕೈಯನ್ನು ಬಿಡಿಸಬಹುದಿತ್ತು. ಆಕೆಯಲ್ಲಿ ಉಳಿದದ್ದೇ ಅಷ್ಟು ಬಲ. ಉಮಾಳಿಗೆ ಅದನ್ನು ಬಿಡಿಸುವ ಮನಸ್ಸಾಗಲಿಲ್ಲ. ಕಾಲಬಳಿ ನೆಲದ ಮೇಲೆ ಕೂತು ಶಿವನಾಮ ಹೇಳಿಕೊಂಡಳು. ಒಳ್ಳೆಯದನ್ನೇ ಮಾಡಲು ಹೋದ ಕೈಗೆ ಇಂಥ ಕೆಲಸ ಯಾಕೆ ಮಾಡಿಸಿದೆ ಎಂದು ದೇವರನ್ನು ಕೇಳಿದಳು. ದೇವರು ಇಂಥದ್ದಕ್ಕೆ ಲಗೂನೆ ಉತ್ತರ ಕೊಡುವವನಲ್ಲ.

ಸೋಮವಾರ ಬೆಳಿಗ್ಗೆ ಸೀರೆ ಬದಲಿಸುವಾಗ ಟೊಂಕದ ಎಲುಬಿನ ಮೇಲೆ ರೂಪಾಯಿ ಅಗಲದ ಕೆಂಪು ಕಂಡಿತು. ಬೆರಳಿಂದ ಒತ್ತಿದರೂ ಬೆಳ್ಳಗಾಗಲಿಲ್ಲ. ಉಮಾ ಕೌಸರಳಿಗೆ ಫೋನು ಮಾಡಿದಳು.

ಬುಧವಾರ ಕಾಯದೆ ಕೌಸರ ಅಂದೇ ಬಂದಳು. ಕೆಂಪನ್ನು ನೋಡಿದಳು, ನಾಡಿ ನೋಡಿದಳು, ಉಮಾಳನ್ನು ಕಟ್ಟೆಗೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು: "ಹಿಂಗ ಹೊಳ್ಳದ ಮಲಗಿದ್ರ ಆ ಕೆಂಪ ಒಡದ ಹುಣ್ಣ ಆಗ್ತದ. ಊಟಾನೂ ಇಲ್ಲಂದ್ರ ಭಾಳ ದಿನ ತಡಿಯಂಗಿಲ್ರಿ ಅಕ್ಕಾರ. ಏನಾತು, ಹೇಳ್ರಿ."

ಉಮಾ ಎಲ್ಲ ಹೇಳಿದಳು, ಧೋತರ, ಗೂಟ, ಮಾಯವ್ವನ ರಾಗ ಎಲ್ಲ. ಹೇಳುತ್ತ ಹೇಳುತ್ತ ಕಣ್ಣೀರು ಬಂತು. ಕೌಸರ ನಗಲಿಲ್ಲ, ಬೈಯಲೂ ಇಲ್ಲ.

"ನಮ್ಮಲ್ಲಿ ಹೋದವರನ್ನ ಮಲಗಸ್ತೀವ್ರಿ. ಅದಕ್ಕ ನನಗ ಇದು ಹೊಳೀಲೇ ಇಲ್ಲ. ಕುಂಡ್ರಸ್ರಿ, ಕುಂಡ್ರಸ್ರಿ ಅಂತ ಹೇಳಿ ಹೋದೆ. ನನ್ನ ತಪ್ಪೂ ಅದ. ಒಂದ ಮಾತ ಕೇಳತೀನಿ. ಮುಟ್ಟೂ ಮುಂದ ಕೇಳತೀರಿ, ಹೊಳ್ಳಿಸೂ ಮುಂದ ಕೇಳತೀರಿ. ಹ್ಯಾಂಗ ಕುಂಡ್ರತೀರಿ ಅಂತ ಅವರನ್ನ ಯಾವಾಗರೆ ಕೇಳೀರೇನ್ರಿ?"

ಕೇಳಿರಲಿಲ್ಲ. ಎಪ್ಪತ್ತು ವರ್ಷ ಕೂತು ಎದ್ದ ಮೈಯನ್ನು ಹೇಗೆ ಕೂರಿಸಬೇಕೆಂದು ಎಲ್ಲರೂ ಹೇಳಿದ್ದರು. ಆ ಮೈಯ ಒಡತಿಯೊಬ್ಬಳನ್ನು ಬಿಟ್ಟು.

ಉಮಾ ಒಳಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತಳು. ಅತ್ತೆಯನ್ನು ಮುಟ್ಟಲಿಲ್ಲ.

"ಅತ್ತಿ, ನನ್ನದ ತಪ್ಪಾತ್ರಿ. ನಿಮ್ಮನ್ನ ಕಳಸೂ ಸಲುವಾಗಿ ಕಟ್ಟಲಿಲ್ಲ, ಉಳಿಸ್ಕೊಳ್ಳೂ ಸಲುವಾಗಿ ಕಟ್ಟಿದೆ. ಆದ್ರ ಕೇಳಲಿಲ್ಲ. ಈಗ ಕೇಳತೀನಿ. ನಿಮ್ಮನ್ನ ಹ್ಯಾಂಗ ಕುಂಡ್ರಸಲ್ರಿ? ಕುಂಡ್ರೂದ ಬ್ಯಾಡ ಅಂದ್ರೂ ಅನ್ರಿ, ಕೇಳತೀನಿ."

ಒಳಗೆ ಮಗ್ಗದ ಸಪ್ಪಳ ನಿಂತಿತು. ಅಂದಪ್ಪ ಕುಣಿಯಲ್ಲೇ ಕೂತು ಕಿವಿಗೊಟ್ಟಿದ್ದ. ಅಡಿವೆವ್ವ ಸೂರಿನ ಜಂತಿ ನೋಡಿದಳು. ಮಾತು ಜಂತಿಗೇ ಹೇಳಿದಂತೆ ಬಂತು.

"ನಾ ಈ ಮನಿಗೆ ಬಂದಾಗ ಒರಗಾಕ ಗ್ವಾಡಿ ಎಲ್ಲಿದ್ವು? ಇಲ್ಲೊಂದ ಮಗ್ಗ, ಒಳಗೆರಡ ಮಗ್ಗ. ಗ್ವಾಡಿ ತುಂಬ ನೂಲ ಜೋತ ಬಿದ್ದಿರ್ತಿತ್ತು. ನಾನೂ ನಮ್ಮ ನೆಗೆಣ್ಣಿನೂ, ಈ ಮನಿ ಇಬ್ಬರೂ ಸೊಸ್ತ್ಯಾರು, ನಟ್ಟನಡುವ ಕುಂತ ಕಂಡಿಕಿ ಸುತ್ತತಿದ್ವಿ. ಆಕಿ ಬೆನ್ನ ನನಗ, ನನ್ನ ಬೆನ್ನ ಆಕಿಗೆ. ಮುಂಜಾನಿಂದ ಸಂಜಿತನಕ. ಆಕಿ ಕೆಮ್ಮಿದ್ರ ನನ್ನ ಎಳಿ ಹರೀತಿತ್ತು. ನಾ ನಕ್ರ ಆಕಿದು." ಓರೆಯಾದ ತುಟಿ ಒಂದಿಷ್ಟು ಅಲುಗಿತು. "ಹೊಟ್ಯಾಗ ಅಂದಪ್ಪ ಇದ್ದಾಗ ಒಂಬತ್ತ ತಿಂಗಳ ಆಕಿ ಬೆನ್ನಿಗೆ ಒರಗೇನಿ. ಗ್ವಾಡಿ ತಣ್ಣಗಿರ್ತದ ಉಮಾ. ಮನಶ್ಯಾರು ಬೆಚ್ಚಗಿರ್ತಾರ."

ಉಮಾಳಿಗೆ ಅರ್ಥವಾಯಿತು. ಅರ್ಥವಾದೊಡನೆ ಸಂಕೋಚವೂ ಆಯಿತು. ಹಿರಿಯರ ಕಡೆಗೆ, ಅದರಲ್ಲೂ ಅತ್ತೆಯ ಕಡೆಗೆ ಬೆನ್ನು ಮಾಡಿ ಕೂರಬಾರದೆಂದು ತವರಲ್ಲಿ ಕಲಿಸಿ ಕಳಿಸಿದ್ದರು. ಹದಿನಾರು ವರ್ಷದಲ್ಲಿ ಒಮ್ಮೆಯೂ ಹಾಗೆ ಕೂತವಳಲ್ಲ.

"ನಿಮಗ ಬೆನ್ನ ಮಾಡಿ ಹ್ಯಾಂಗ ಕುಂಡ್ರಲ್ರಿ ಅತ್ತಿ?"

"ಇಷ್ಟ ದಿನ ಮಾರಿ ಮಾಡಿ ಕುಂತ ಏನ ಮಾಡಿದಿ?" ಎಂದಳು ಅಡಿವೆವ್ವ. ಮೂರು ದಿನದ ಮೇಲೆ ಮೊದಲ ಸಲ ಆ ಮಾತಿನಲ್ಲಿ ಹಳೆಯ ಹರಿತವಿತ್ತು. "ಗೂಟಕ್ಕ ಕಟ್ಟಿದಿ. ತಿರುಗಿ ಕುಂಡ್ರ, ಅದೇ ಚಲೋ."

ಬಾಗಿಲಲ್ಲಿ ನಿಂತಿದ್ದ ಕೌಸರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ಮುಗಿಸಿ ಕೆಲಸಕ್ಕೆ ನಿಂತಳು. ಅಂದಪ್ಪ ಮಗ್ಗದಿಂದ ಎದ್ದು ಬಂದು, ತಾಯಿ ಮಲಗಿದ್ದ ಮಂಚವನ್ನು ಕುಲುಕಾಡಿಸದೆ ಎಳೆದು ಗೋಡೆಯಿಂದ ದೂರ, ನಡುಮನೆಯ ನಡುವಿಗೆ ತಂದ. ತಾಯಿಯ ಪಾದ ಜೋತಾಡದೆ ಊರಿ ನಿಲ್ಲುವಂತೆ ಮಂಚದ ಬದಿಗೆ ಮಣೆ ಇಟ್ಟ.

"ನಾ ಎಣಸ್ತೀನಿ ಅಮ್ಮಾರ, ಮೂರ ಅಂದಾಗ ಏಳೂನು," ಎಂದಳು ಕೌಸರ.

"ಎಣಸಬ್ಯಾಡ್ರಿ. ನಾ ಓಂ ನಮಃ ಶಿವಾಯ ಅಂತೀನಿ. ಅಂದ ಮುಗಿಸಿದ ಮ್ಯಾಲ ಎಬ್ಬಸ್ರಿ."

"ಆತ್ರಿ. ನಿಮ್ಮ ಮೈ, ನಿಮ್ಮ ಮಂತ್ರ. ನಾವು ನಿಮ್ಮ ಹಿಂದ ಬರ್ತೀವಿ."

ಅಡಿವೆವ್ವ ಬಲಗೈಯಲ್ಲಿ ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ಎದೆಗೆ ಬಿಟ್ಟಳು. ಬಲ ಮಗ್ಗುಲಿಗೆ ಹೊರಳಿದಳು, ಈ ಸಲ ತಾನೇ ಸೊಂಟ ಕೊಟ್ಟು. ಕೌಸರ ಆಕೆಯ ಕಾಲುಗಳನ್ನು ಮಂಚದಿಂದ ಇಳಿಬಿಟ್ಟಳು. ಮಲಗಿದ್ದ ಎಡಗೈಯನ್ನು ಅಂದಪ್ಪ ಮೊಣಕೈ ಕೆಳಗೆ ಆಸರೆ ಕೊಟ್ಟು ತಾಯಿಯ ಮಡಿಲಿಗೆ ಇಟ್ಟ. ಓಂ ನಮಃ ಶಿವಾಯ ಎಂಬುದು ಓರೆ ಬಾಯಲ್ಲಿ ಸ್ವಲ್ಪ ಜಾರಿ, ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಬಂತು. ಅದು ಮುಗಿಯುತ್ತಲೂ ಅಡಿವೆವ್ವ ಬಲಗೈಯಿಂದ ಹಾಸಿಗೆ ಒತ್ತಿದಳು. ಕೌಸರ ಭುಜದ ಹಿಂದೆ ಕೈಕೊಟ್ಟಳು. ಯಾರೂ ಎಳೆಯಲಿಲ್ಲ. ಆಕೆ ಎದ್ದಳು.

ಅಂದಪ್ಪ ತಾಯಿಯ ಮುಂದೆ ಮೊಣಕಾಲೂರಿ, ಆಕೆಯ ಎರಡೂ ಪಕ್ಕೆಗಳಿಗೆ ಅಂಗೈ ಆನಿಸಿ ಹಿಡಿದ. ಉಮಾ ಮಂಚದ ಆಚೆ ಬದಿಗೆ ಹೋಗಿ, ಕಾಲು ನೆಲಕ್ಕೆ ಊರಿ ಕೂತು, ಹಿಂದೆ ಹಿಂದೆ ಸರಿದಳು. ಬೆನ್ನಿಗೆ ಬೆನ್ನು ತಾಗಿತು.

ಎಷ್ಟು ಸಣ್ಣ ಬೆನ್ನು ಅದು. ಈ ಮನೆಯನ್ನೆಲ್ಲ ಹದ್ದುಬಸ್ತಿನಲ್ಲಿ ಇಟ್ಟ ಹೆಂಗಸಿನ ಬೆನ್ನು ಹೀಗೆ ಬಡಕಲಾಗಿರಬಹುದೆಂದು ಉಮಾ ಎಣಿಸಿರಲಿಲ್ಲ. ರವಿಕೆಯ ಮೂಲಕ ಎಲುಬಿನ ಸಾಲು ಒಂದೊಂದಾಗಿ ತಿಳಿಯಿತು. ಮೊದಲು ಆ ಬೆನ್ನು ಬಿಗಿದುಕೊಂಡಿತ್ತು. ಆಮೇಲೆ, ಹೊಲಿಗೆ ಬಿಚ್ಚಿದ ಹಾಗೆ, ಮೇಲಿನಿಂದ ಕೆಳಗೆ ಸಡಿಲಾಯಿತು. ಭಾರ ಉಮಾಳ ಮೇಲೆ ಬಂತು. ಎಡಕ್ಕೆ ವಾಲುವ ಸೂಚನೆ ಬಂದೊಡನೆ ಉಮಾ ಆ ಕಡೆಗೆ ಭುಜ ಒತ್ತಿದಳು. ಆಕೆ ನೆಟ್ಟಗಾದಳು. ಇಬ್ಬರ ಉಸಿರೂ ಸ್ವಲ್ಪ ಹೊತ್ತು ಒಂದಕ್ಕೊಂದು ಎಡವಿ, ಬಳಿಕ ಜೊತೆಗೂಡಿದವು.

"ಆಕಿ ಇನ್ನಾ ದಪ್ಪ ಇದ್ಲು," ಎಂದಳು ಅಡಿವೆವ್ವ. "ನೀನೂ ನಡೀತೀ."

ಕೌಸರ ನುಚ್ಚು ಮಜ್ಜಿಗೆಯ ಬಟ್ಟಲನ್ನು ಸಣ್ಣ ಮಣೆಯ ಮೇಲಿಟ್ಟು ಅಡಿವೆವ್ವನ ಮಡಿಲ ಮುಂದೆ ಹಿಡಿದಳು. ಅಂದಪ್ಪ ಚಮಚಕ್ಕೆ ಕೈ ಚಾಚಿದ. ಕೌಸರ ಬೇಡವೆಂದು ತಲೆ ಅಲ್ಲಾಡಿಸಿದಳು. ಅವನ ಕೈ ಮತ್ತೆ ತಾಯಿಯ ಪಕ್ಕೆಗೆ ಬಂತು.

ಉಮಾಳಿಗೆ ಇದೊಂದೂ ಕಾಣಲಿಲ್ಲ. ಅವಳ ಮುಂದಿದ್ದದ್ದು ಹಿತ್ತಲ ಬಾಗಿಲು, ಬಾಗಿಲಾಚೆ ಬಿಸಿಲು, ಬಿಸಿಲಲ್ಲಿ ಒಣಹಾಕಿದ ಅತ್ತೆಯ ಎರಡು ಸೀರೆ. ತಿರುಗಿ ನೋಡಬೇಕೆಂದು ಕೊರಳು ತುಡಿಯಿತು. ತಿರುಗಿದರೆ ಬೆನ್ನು ಅಲ್ಲಾಡುತ್ತದೆ. ಕಣ್ಣು ಮುಚ್ಚಿಕೊಂಡಳು.

ಆಗ ಬೆನ್ನಿಗೆ ತಿಳಿಯಿತು. ಬಲ ಭುಜದ ಎಲುಬು ಕೆಳಗೆ ಇಳಿಯಿತು, ತಡೆಯಿತು, ನಿಧಾನವಾಗಿ ಮೇಲೆ ಬಂತು. ಸ್ವಲ್ಪ ಹೊತ್ತು ಏನೂ ಇಲ್ಲ. ಬಳಿಕ ನುಂಗಿದ್ದು ಬೆನ್ನಗುಂಟ ಸಣ್ಣಗೆ ಇಳಿದುಹೋಯಿತು. ಮತ್ತೆ ಭುಜ ಇಳಿಯಿತು. ಮತ್ತೆ ಏರಿತು. ಶಿವನೇ, ಎಂದುಕೊಂಡಳು ಉಮಾ. ಮುಂದೆ ಬೇಡಲು ಅವಳಿಗೆ ಏನೂ ತೋಚಲಿಲ್ಲ.

ಗಂಡನ ಉಸಿರು ಮೂಗಿನಲ್ಲಿ ಸಿಕ್ಕಿ ಸಪ್ಪಳ ಮಾಡುತ್ತಿತ್ತು. ಅವನು ಅಳುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಆದರೂ ತಡೆಯಲಾರದೆ, ತಲೆ ತಿರುಗಿಸದೆ, ಕೂತಲ್ಲಿಂದಲೇ ಕೇಳಿದಳು: "ಏನ್ರಿ, ಅತ್ತಿ ತಾವ ತಮ್ಮ ಕೈಯಾಗ ಉಣ್ಣಾಕತ್ತಾರೇನ್ರಿ?"

ಉತ್ತರ ಗಂಡನಿಂದ ಬರಲಿಲ್ಲ.

"ಅಲ್ಲಾಡಬ್ಯಾಡ," ಎಂದಳು ಅಡಿವೆವ್ವ, ಬಾಯಲ್ಲಿ ನುಚ್ಚು ಇಟ್ಟುಕೊಂಡೇ. "ಚಲ್ಲತದ."